ಆನೆಮರಿಯನ್ನು ಕುಣಿಸಲು ಹೋಗಿ

ಮಗಳಿಗೆ ಮನೆಯಲ್ಲೇ ಪಾಠ ಹೇಳಿಕೊಡುವುದು ಮಹಾ ಸುಲಭದ ಕೆಲಸ. ಹಾಗೆಂದು ನಾನು ಮನಸಾರೆ ನಂಬಿದ್ದೆ. ಕುಕ್ಕರ್ ಕೂಗುವಷ್ಟರಲ್ಲಿ ಒಂದು ಪಾಠ, ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಇನ್ನೊಂದು. ಬಿ.ಎ. ಪಾಸಾದ ಹೆಂಗಸಿಗೆ ನಾಲ್ಕನೇ ಕ್ಲಾಸಿನ ಪುಸ್ತಕ ಯಾವ ಮಹಾ!

ಇಂಚರಳನ್ನು ಶಾಲೆ ಬಿಡಿಸಿದ್ದಕ್ಕೆ ಕಾರಣ ಒಂದು ಜ್ವಾಲಾಮುಖಿ. ಮಕ್ಕಳು ಥರ್ಮಾಕೋಲಿನಲ್ಲಿ ಜ್ವಾಲಾಮುಖಿ ಮಾಡಿಕೊಂಡು ಬರಬೇಕೆಂದು ಶಾಲೆಯಿಂದ ಅಪ್ಪಣೆಯಾಯಿತು. ನಮ್ಮೂರಿನ ಗಾಂಧಿ ಬಜಾರೆಲ್ಲ ಸುತ್ತಿ ಥರ್ಮಾಕೋಲ್ ತಂದು, ಕೆಂಪು ಬಣ್ಣ ಬಳಿದು, ಬೆರಳಿಗೆಲ್ಲ ಗೋಂದು ಮೆತ್ತಿಕೊಂಡು ನಾನೇ ಮಾಡಿದೆ. ಪ್ರದರ್ಶನದ ದಿನ ಹೋಗಿ ನೋಡಿದರೆ ಪ್ರತಿ ಜ್ವಾಲಾಮುಖಿಯ ಪಕ್ಕದಲ್ಲೂ ಒಬ್ಬೊಬ್ಬ ತಾಯಿ ನಿಂತಿದ್ದಾಳೆ. ಮಕ್ಕಳೆಲ್ಲ ಹೊರಗೆ ಕುಂಟೆಬಿಲ್ಲೆ ಆಡುತ್ತಿದ್ದಾರೆ. ಬಹುಮಾನ ಯಾರೋ ಇನ್ನೊಬ್ಬಾಕೆಯ ಪಾಲಾಯಿತು. ನನಗೆ ಮೈಯೆಲ್ಲ ಉರಿಯಿತು. "ಇದು ಮಕ್ಕಳ ಶಾಲೆಯೋ, ತಾಯಂದಿರ ಶಾಲೆಯೋ?" ಎಂದು ಹೆಡ್‌ಮಿಸ್ ಎದುರು ಭಾಷಣ ಬಿಗಿದು, ಮಗಳ ಕೈ ಹಿಡಿದುಕೊಂಡು ಗೋಪಾಳ ಬಡಾವಣೆಯ ನಮ್ಮ ಮನೆಗೆ ಬಂದುಬಿಟ್ಟೆ. ಬಹುಮಾನ ನನಗೆ ಬಂದಿದ್ದರೆ ಈ ಭಾಷಣ ಹುಟ್ಟುತ್ತಲೇ ಇರಲಿಲ್ಲ ಎಂಬುದು ನನ್ನ ಗಂಡನ ಅಭಿಪ್ರಾಯ. ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಅಡ್ಡ ಬಂದವರು ಭದ್ರಾವತಿಯಲ್ಲಿರುವ ನಮ್ಮ ಮಾವ. ಕಾರ್ಖಾನೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾದರೂ ಇವತ್ತಿಗೂ ಫಸ್ಟ್ ಶಿಫ್ಟಿನ ಹೊತ್ತಿಗೆ ಎದ್ದು, ಗಡ್ಡ ಹೆರೆದು, ಬೂಟು ಹಾಕಿಕೊಂಡು ಹಾಲು ತರಲು ಹೋಗುವ ಮನುಷ್ಯ. ವಿಷಯ ಕೇಳಿದವರೇ ಬಸ್ಸು ಹತ್ತಿ ಬಂದರು.

"ನೋಡಮ್ಮ ಸವಿತಾ, ನಿನ್ನ ಮಗಳು, ನಿನ್ನ ಇಷ್ಟ. ಆದ್ರೆ ಬೇಸಿಗೆ ಒಳಗೆ ಅವಳ ಕ್ಲಾಸಿನ ಲೆಕ್ಕ ಅವಳೇ ಮಾಡಿ ತೋರಿಸ್ಬೇಕು. ಇಲ್ಲಾಂದ್ರೆ ಜೂನ್‌ಗೆ ಭದ್ರಾವತಿಗೆ ಕರ್ಕೊಂಡು ಹೋಗಿ, ನಮ್ಮನೇಲಿ ಇಟ್ಕೊಂಡು, ನಾನೇ ಸ್ಕೂಲಿಗೆ ಸೇರಿಸ್ತೀನಿ."

"ಆಯ್ತು ಮಾವ" ಎಂದೆ. ಬಾಯೇನೋ ಹಾಗೆ ಹೇಳಿಬಿಟ್ಟಿತು. ಆದರೆ ಮಗಳನ್ನು ಬಿಟ್ಟಿರುವುದು ನನ್ನಿಂದ ಆಗುವ ಮಾತಲ್ಲ. ಅವಳು ಅಜ್ಜಿಮನೆಗೆ ಎರಡು ದಿನ ಹೋದರೇ ನಾನು ಸುಮ್ಮಸುಮ್ಮನೆ ಅವಳ ಕಪಾಟು ಜೋಡಿಸುತ್ತಾ ಕೂರುವವಳು.

ನನ್ನ ಪಾಠವೊಂದೇ ಸಾಲದು, ದಿನಾ ಅಭ್ಯಾಸವೂ ಬೇಕು ಎಂದು ಆನ್‌ಲೈನಿನಲ್ಲಿ ಒಂದು ಲೆಕ್ಕದ ಆಪ್ ಹುಡುಕಿ ಟ್ಯಾಬಿಗೆ ಹಾಕಿದೆ. ಭಾರೀ ಜಾಣ ಆಪ್ ಅದು. ಮಗುವಿನ ಮಟ್ಟ ತಾನೇ ಅಳೆದು, ಅದಕ್ಕೆ ತಕ್ಕ ಲೆಕ್ಕ ಕೊಡುತ್ತದೆ. ಸರಿ ಮಾಡಿದರೆ ಇನ್ನೂ ಕಷ್ಟದ್ದು, ತಪ್ಪಿದರೆ ಸುಲಭದ್ದು. ಉತ್ತರ ಸರಿಯಾದರೆ ಪರದೆಯ ಮೇಲೆ ಒಂದು ಆನೆಮರಿ ಸೊಂಡಿಲೆತ್ತಿ ಕುಣಿಯುತ್ತದೆ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ನಾನು ಕಂಡ ಯಾವ ಆನೆಯೂ ಅಷ್ಟು ಲಾಗ ಹಾಕಿದ್ದಿಲ್ಲ. ತಪ್ಪಾದರೆ ಮಾತ್ರ ಅದು ಕಿವಿ ಜೋತುಬಿಟ್ಟು ಕುಕ್ಕರಿಸಿ, ಗಳಗಳನೆ ಅಳುತ್ತದೆ. "ವಾರದ ವರದಿ ಯಾರಿಗೆ ಕಳಿಸಬೇಕು?" ಎಂದು ಆಪ್ ಕೇಳಿತು. ಮಾವನ ಮೊಬೈಲ್ ನಂಬರ್ ಕೊಟ್ಟೆ. ನೋಡಿ ಖುಷಿಪಡಲಿ ಎಂದು! ಆ ಗಳಿಗೆಯಲ್ಲಿ ನನ್ನ ಬುದ್ಧಿಗೆ ಏನು ಬಡಿದಿತ್ತೋ ಕಾಣೆ.

ಇಲ್ಲಿ ನಮ್ಮ ಕಡೆಯ ಒಂದು ಸಂಪ್ರದಾಯ ಹೇಳಬೇಕು. ನೆಂಟರು ಬಂದಾಗ ಮಕ್ಕಳಿಂದ ವಚನ ಹೇಳಿಸುತ್ತೇವೆ. ಹೇಳುವುದು ಮಗು, ಆದರೆ ತುಟಿ ಆಡುವುದು ತಾಯಿಯದ್ದೂ. ಎರಡನೇ ಸಾಲಿಗೆ ಮಗು ತಡವರಿಸಿದರೆ ತಾಯಿ ಮೆಲ್ಲಗೆ ಮೊಣಕಾಲು ತಟ್ಟಿ ಸಾಲು ಎತ್ತಿಕೊಡುತ್ತಾಳೆ. ನೆಂಟರು ಕಂಡೂ ಕಾಣದಂತೆ "ಎಷ್ಟು ಚೂಟಿ ಮಗು!" ಎನ್ನುತ್ತಾರೆ. ಹೀಗೆ ಬೆಳೆದು ಬಂದವಳು ನಾನು. ಮಟ್ಟ ಅಳೆಯುವ ಪರೀಕ್ಷೆಗೆ ಇಂಚರ ಕೂತಾಗ ನಾನೂ ಪಕ್ಕದಲ್ಲೇ ಕೂತೆ. ಅವಳ ಬೆರಳು ತಪ್ಪು ಉತ್ತರದ ಕಡೆ ಹೊರಟರೆ ಮೊಣಕಾಲಿಗೊಂದು ಪುಟ್ಟ ತಟ್ಟು. ಅಷ್ಟೇ. ಅದನ್ನು ಮೋಸ ಎನ್ನಲು ಬರುವುದಿಲ್ಲ, ಮಮತೆ ಎನ್ನಬೇಕು.

ಆನೆಮರಿ ಕುಣಿದೇ ಕುಣಿಯಿತು. "ಅಭಿನಂದನೆಗಳು! ನಿಮ್ಮ ಮಗು ಆರನೇ ತರಗತಿಯ ಗಣಿತಕ್ಕೆ ಸಿದ್ಧ!" ಎಂದು ಆಪ್ ಘೋಷಿಸಿತು.

ಮರುದಿನದಿಂದ ಆರನೇ ಕ್ಲಾಸಿನ ಲೆಕ್ಕಗಳು ಬರತೊಡಗಿದವು. ನಾಲ್ಕನೇ ಕ್ಲಾಸಿನ ಹುಡುಗಿ ಅವನ್ನು ಎಲ್ಲಿ ಮಾಡಿಯಾಳು? ಆನೆಮರಿ ಅಳಲು ಕೂತಿತು. ಅಳುವ ವರದಿ ಮಾವನಿಗೆ ಹೋದರೆ ಜೂನ್ ಗತಿ ಏನು? "ತಡಿ ಪುಟ್ಟಿ, ಇದೊಂದು ನಾನು ಒತ್ತುತ್ತೀನಿ" ಎಂದೆ. ಅದೊಂದರ ಹಿಂದೆ ಇನ್ನೊಂದು ಬಂತು. ನಾನು ಸರಿ ಮಾಡಿದಷ್ಟೂ ಆಪ್ ಲೆಕ್ಕವನ್ನು ಬಿಗಿ ಮಾಡುತ್ತಾ ಹೋಯಿತು. ಕೊನೆಗೆ ನನ್ನ ಬಿ.ಎ. ಕೂಡ ಮುಗಿದುಹೋಯಿತು. ಇಂಚರ ಪಕ್ಕದಲ್ಲಿ ಕೂತು ನವಿಲಿನ ಚಿತ್ರ ಬಿಡಿಸುತ್ತಿದ್ದಳು. "ಅಮ್ಮ, ನಾನೊಂದ್ಸಲ ಮಾಡ್ಲಾ?" ಎಂದು ಆಗಾಗ ಕೇಳುತ್ತಿದ್ದಳು. "ಈ ಲೆವೆಲ್ ಮುಗೀಲಿ ಪುಟ್ಟಿ" ಎನ್ನುತ್ತಿದ್ದೆ.

ಗಂಡನ ಮೊರೆ ಹೋದೆ. ಅವರು ಹೊಳೆಹೊನ್ನೂರಿನ ಬ್ಯಾಂಕಿನಲ್ಲಿದ್ದಾರೆ. ಬ್ಯಾಂಕಿನವರಿಗೆ ಲೆಕ್ಕ ಬರುತ್ತದೆ ಎಂಬ ಮೂಢನಂಬಿಕೆ ನನಗೂ ಇತ್ತು.

"ಒಂದು ತೊಟ್ಟಿಗೆ ಎರಡು ನಲ್ಲಿ ನೀರು ಬಿಡ್ತಿವೆಯಂತೆ. ಕೆಳಗೆ ತೂತಿದೆಯಂತೆ. ತೊಟ್ಟಿ ತುಂಬೋಕೆ ಎಷ್ಟು ಹೊತ್ತು ಬೇಕ್ರೀ?"

"ಸೋರೋ ತೊಟ್ಟಿಗೆ ಯಾರಾದ್ರೂ ನೀರು ಬಿಡ್ತಾರೇನೇ? ಮೊದ್ಲು ಪ್ಲಂಬರ್‌ನ ಕರ್ಸೋಕೆ ಹೇಳು."

"ತಮಾಷೆ ಬೇಡ. ಬ್ಯಾಂಕಲ್ಲಿ ದಿನವೆಲ್ಲ ಲೆಕ್ಕ ಮಾಡಲ್ವಾ ನೀವು?"

"ಲೆಕ್ಕ ಕಂಪ್ಯೂಟರ್ ಮಾಡುತ್ತೆ ಮಾರಾಯ್ತಿ. ನಾವು ಸರ್ವರ್ ಡೌನ್ ಅಂತ ಹೇಳ್ತೀವಿ, ಅಷ್ಟೇ." ಆಮೇಲೆ ಚಪ್ಪಲಿ ಮೆಟ್ಟುತ್ತಾ, "ಅಲ್ಲ ಕಣೆ, ಅಲ್ಲಿ ತಾಯಂದಿರೇ ಎಲ್ಲಾ ಮಾಡ್ಬೇಕಾಗುತ್ತೆ ಅಂತ ತಾನೇ ನೀನು ಸ್ಕೂಲ್ ಬಿಡಿಸಿದ್ದು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಬೈಕ್ ಹತ್ತಿ ಹೋದರು. ಕಾಯದಿದ್ದುದೇ ಒಳ್ಳೆಯದಾಯಿತು.

ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬೆಳಗೆದ್ದರೆ ಹೂವಿನ ಚಿತ್ರ, ಶುಭೋದಯ, ಬೆಂಡೆಕಾಯಿ ನೀರಿನ ಮಹಿಮೆ. ಅದರ ನಡುವೆ ತೊಟ್ಟಿಯ ಲೆಕ್ಕ ಹಾಕಿ, ಮೇಲೆ "ಬುದ್ಧಿವಂತರಿಗೆ ಮಾತ್ರ! ನೂರಕ್ಕೆ ತೊಂಬತ್ತು ಜನ ಇದರಲ್ಲಿ ಸೋಲುತ್ತಾರೆ!" ಎಂದು ಬರೆದೆ. ನಮ್ಮ ವಂಶದಲ್ಲಿ ಅಂಥ ಸವಾಲನ್ನು ಓದಿ ಸುಮ್ಮನೆ ಕೂರುವ ಪ್ರಾಣಿ ಇನ್ನೂ ಹುಟ್ಟಿಲ್ಲ. ಬೆಳಗಿನ ತಿಂಡಿ ಮುಗಿಯುವುದರೊಳಗೆ ಉತ್ತರ ಬಂತು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ನೀಟಾಗಿ ಹಂತ ಹಂತವಾಗಿ ಬಿಡಿಸಿ, ಫೋಟೋ ಹೊಡೆದು ಕಳಿಸಿದ್ದರು.

ಕಳಿಸಿದವರು ನಮ್ಮ ಮಾವ!

ಅಲ್ಲಿಂದ ಮುಂದೆ ನಡೆದದ್ದು ಒಂದು ಅಚ್ಚುಕಟ್ಟಾದ ಕಾರ್ಖಾನೆ. ಬೆಳಗ್ಗೆ ನಾನು ಸವಾಲು ಎಸೆಯುವುದು, ಭದ್ರಾವತಿಯಲ್ಲಿ ಮಾವ ಹಾಲು ತಂದಿಟ್ಟು ಬಿಡಿಸುವುದು, ಗೋಪಾಳದಲ್ಲಿ ನಾನು ಒತ್ತುವುದು, ಆನೆಮರಿ ಕುಣಿಯುವುದು. ಭಾನುವಾರ ಆಪ್‌ನ ವರದಿ ಮಾವನಿಗೇ ಹೋಗುವುದು: "ನಿಮ್ಮ ಮಗುವಿನ ಪ್ರಗತಿ ಅಸಾಧಾರಣ!" ಮಾವ ತಮ್ಮ ಬುದ್ಧಿಯನ್ನು ತಾವೇ ವಾರ ವಾರ ಹೊಗಳಿಸಿಕೊಂಡು, ಅದನ್ನು ಮೊಮ್ಮಗಳ ಹೆಸರಿನಲ್ಲಿ ಬೀದಿಗೆಲ್ಲ ಹಂಚುತ್ತಿದ್ದರು. ಒಂದು ಸಂಜೆ ಫೋನ್ ಬಂತು.

"ಸವಿತಾ, ನಾನು ತಪ್ಪು ತಿಳ್ಕೊಂಡಿದ್ದೆ ಕಣಮ್ಮ. ಇಂಚರ ಏಳನೇ ಕ್ಲಾಸಿನ ಲೆಕ್ಕ ಮಾಡ್ತಾಳಂತಲ್ಲ! ಬರೋ ಭಾನುವಾರ ನಮ್ಮ ಪಿಂಚಣಿ ಬಳಗದ ವಾರ್ಷಿಕೋತ್ಸವ. ಅವಳಿಗೆ ಪ್ರತಿಭಾ ಪುರಸ್ಕಾರ ಅಂತ ತೀರ್ಮಾನ ಆಗಿದೆ. ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲಾ ಇದೆ."

ಫೋನಿಟ್ಟವಳೇ ಗಂಡನ ಮುಂದೆ ಎಲ್ಲ ಹೇಳಿದೆ. "ನಿಜ ಹೇಳ್ಬಿಡು ಮಾರಾಯ್ತಿ" ಎಂದು ಗಂಡ ಹೇಳಿದರು. "ಬರೀ ಶಾಲು ತಾನೇ ಹಾಕೋದು? ಶಾಲು ಏನು ಪ್ರಶ್ನೆ ಕೇಳುತ್ತಾ?" ಎಂದು ನಾನು ಗದರಿದೆ. ಆದರೂ ಭಾನುವಾರ ಕಾರಿನಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟ್ಯಾಬ್ ತೆಗೆದು ಏಳನೇ ಕ್ಲಾಸಿನ ಗಣಿತ ಶುರುಮಾಡಿದೆ. ಭಿನ್ನರಾಶಿ ಅರ್ಧಕ್ಕೆ ಬರುವಷ್ಟರಲ್ಲಿ ಭದ್ರಾವತಿ ಬಂದುಬಿಟ್ಟಿತು. ನಮ್ಮೂರನ್ನೂ ಭದ್ರಾವತಿಯನ್ನೂ ಇಷ್ಟು ಹತ್ತಿರ ಕಟ್ಟಬಾರದಿತ್ತು!

ಸಭಾಭವನದ ತುಂಬ ಪಿಂಚಣಿದಾರರು. ವೇದಿಕೆಯ ಮೇಲೆ ಇಂಚರಳ ತಲೆಗೆ ಪೇಟ ಇಟ್ಟರು. ಅದು ಜಾರಿ ಕಣ್ಣು ಮುಚ್ಚಿತು. ಒಂದು ಕೈಯಲ್ಲಿ ಪೇಟ ಎತ್ತಿ ಹಿಡಿದು ಅವಳು ಜನರನ್ನು ನೋಡಿದಳು. ಶಾಲು ಹೊದಿಸಬೇಕು, ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬ ರಿಟೈರ್ಡ್ ಮೇಷ್ಟ್ರು ಎದ್ದರು.

"ಎಲ್ಲಾ ಸರಿ. ಮಗು ಒಂದು ಲೆಕ್ಕ ಮಾಡಿ ತೋರಿಸಿದ್ರೆ ನಮಗೂ ಸಂತೋಷ ಆಗುತ್ತೆ."

"ಧಾರಾಳವಾಗಿ!" ಎಂದರು ಮಾವ. ಜೇಬಿನಿಂದ ಮೊಬೈಲ್ ತೆಗೆದು, ಕನ್ನಡಕ ಏರಿಸಿ, ಮೈಕಿನಲ್ಲಿ ಹೇಳಿದರು: "ನಮ್ಮ ಮನೆ ಗುಂಪಲ್ಲಿ ಬಂದಿದ್ದ ಲೆಕ್ಕ ಇದು. ನನಗೇ ಬೆವರು ಇಳಿಸಿದೆ. ಒಂದು ತೊಟ್ಟಿ, ಎರಡು ನಲ್ಲಿ, ಕೆಳಗೆ ಒಂದು ತೂತು..."

ಇಂಚರ ಬೋರ್ಡಿನ ಮುಂದೆ ನಿಂತು, ಸೀಮೆಸುಣ್ಣ ಹಿಡಿದುಕೊಂಡು, ಪಕ್ಕಕ್ಕೆ ತಿರುಗಿ ನೋಡಿದಳು. ಅಲ್ಲಿ ನಾನಿರಲಿಲ್ಲ. ತಟ್ಟುವ ಕೈಯನ್ನು ಹುಡುಕುತ್ತಿದ್ದಾಳೆ ಎಂದು ನನಗೆ ತಕ್ಷಣ ಗೊತ್ತಾಯಿತು. ಆ ಕ್ಷಣ ನನಗಾದ ನಾಚಿಕೆಯನ್ನು ಎಷ್ಟು ನಗೆಯಾಡಿದರೂ ಮುಚ್ಚಲು ಆಗುವುದಿಲ್ಲ. ಮಗುವನ್ನು ಒಬ್ಬಳೇ ಅಲ್ಲಿ ನಿಲ್ಲಿಸಿದವಳು ನಾನೇ. ಓಡಿಹೋಗಿ ಎತ್ತಿಕೊಂಡು ಬರೋಣ ಎಂದು ಎದ್ದೆ. ಅಷ್ಟರಲ್ಲಿ ಮೈಕಿನ ಹತ್ತಿರ ಅವಳ ದನಿ ಕೇಳಿತು.

"ಅಜ್ಜ, ಇದು ನೀವೇ ಮಾಡಿದ್ದಲ್ವಾ?"

"ಹೌದು ಪುಟ್ಟಿ, ನಾನೂ ಮಾಡಿದ್ದೆ. ಈಗ ನೀನು ಮಾಡು."

"ನಾನು ಮಾಡಿಲ್ಲ ಅಜ್ಜ. ನೀವು ಫೋಟೋ ಕಳಿಸಿದ್ರಿ, ಅಮ್ಮ ನೋಡ್ಕೊಂಡು ಒತ್ತಿದ್ಲು. ದಿನಾ ಹಂಗೇ. ನೀವು ಲೇಟ್ ಮಾಡಿದ್ರೆ ಅಮ್ಮಂಗೆ ಟೆನ್ಷನ್ ಆಗುತ್ತೆ."

ಮಾವ ಮೊಬೈಲ್ ನೋಡಿದರು, ಮೊಮ್ಮಗಳನ್ನು ನೋಡಿದರು, ಆಮೇಲೆ ನಿಧಾನಕ್ಕೆ ನನ್ನನ್ನು ನೋಡಿದರು. ನಾನು ಸೀರೆಯ ಅಂಚನ್ನು ಪರೀಕ್ಷಿಸುತ್ತಿದ್ದೆ. ಆಗ ಮೇಷ್ಟ್ರು ಮಾವನ ಕಡೆ ತಿರುಗಿ, "ಹಾಗಾದ್ರೆ ಏಳನೇ ಕ್ಲಾಸ್ ಪಾಸಾಗಿರೋದು ನೀವು ಕಣ್ರೀ!" ಎಂದದ್ದೇ ತಡ, ಭವನವೇ ಹಾರಿಹೋಗುವಷ್ಟು ನಗು. ಚಪ್ಪಾಳೆಯ ನಡುವೆ ಶಾಲನ್ನು ಮಾವನಿಗೇ ಹೊದಿಸಿದರು. ಪೇಟ ಅವರ ತಲೆಗೆ ಸರಿಯಾಗಿ ಕೂತಿತು.

ತಮ್ಮ ಮನೆಗೆ ಬಂದರೂ ಮಾವ ಶಾಲು ತೆಗೆಯಲಿಲ್ಲ. ಜಗಲಿ ಮೇಲೆ ಕೂತು, "ಟ್ಯಾಬ್ ತಗೊಂಬಾ. ಮೊದಲಿಂದ ಶುರುಮಾಡಿ ಕೊಡು" ಎಂದರು. ಕೊಟ್ಟೆ. "ಈಗ ನೀನು ಅಡುಗೆಮನೆಗೆ ಹೋಗು" ಎಂದರು. ಹೋದೆ. ಅತ್ತೆ ನನ್ನ ಮುಂದೆ ಬೆಳ್ಳುಳ್ಳಿ ಸುರಿದು, ಸುಲಿಯಲು ಕೂರಿಸಿದರು.

ನನ್ನ ಕಿವಿಯೆಲ್ಲ ಹೊರಗೇ. ಸ್ವಲ್ಪ ಹೊತ್ತಿಗೆ ಆನೆಮರಿ ಗಳಗಳನೆ ಅತ್ತಿತು. ನಾನು ದಡಬಡಿಸಿ ಎದ್ದೆ. "ಕೂತ್ಕೋ" ಎಂದರು ಅತ್ತೆ. ಅದು ಮತ್ತೆ ಅತ್ತಿತು. ಜೂನ್, ಬಸ್ ಸ್ಟ್ಯಾಂಡ್, ಮಗಳ ಪೆಟ್ಟಿಗೆ, ಎಲ್ಲ ಕಣ್ಣ ಮುಂದೆ ಬಂದು ಬೆಳ್ಳುಳ್ಳಿ ಮಂಜಾಯಿತು.

"ಅಳ್ತಾ ಇದೆಯಲ್ಲ ಪುಟ್ಟಿ, ಅಮ್ಮನ್ನ ಕರೀಲಾ?" ಎಂದು ಮಾವ ಕೇಳಿದ್ದು ಕೇಳಿಸಿತು.

"ಬೇಡ ಅಜ್ಜ. ಅಳ್ಲಿ ಬಿಡಿ. ತಪ್ಪಾದ್ರೆ ಯಾಕೆ ಅಂತ ಕೆಳಗೆ ಬರುತ್ತೆ, ಅದನ್ನ ಓದ್ಬೇಕು. ಅಮ್ಮ ಓದೋಕೇ ಬಿಡಲ್ಲ, ಬೇಗ ಬೇಗ ಒತ್ತಿಬಿಡ್ತಾಳೆ."

ಆಮೇಲೆ ಬಹಳ ಹೊತ್ತು ಬರೀ ಟಕಟಕ ಬೆರಳಿನ ಸದ್ದು. ನಡುವೆ ಒಮ್ಮೊಮ್ಮೆ ಅಳು, ಒಮ್ಮೊಮ್ಮೆ ಕುಣಿತ. ಬರಬರುತ್ತಾ ಕುಣಿತವೇ ಹೆಚ್ಚಾಯಿತು. ಕೊನೆಗೆ ಮಾವ ಕರೆದರು. ಪರದೆಯ ಮೇಲೆ "ನಾಲ್ಕನೇ ತರಗತಿ, ಉತ್ತಮ" ಎಂದಿತ್ತು. ಅವಳದೇ ಕ್ಲಾಸು, ಅವಳದೇ ಉತ್ತರಗಳು.

"ಹುಡುಗಿ ಮನೇಲೇ ಕಲೀಲಿ, ಸ್ಕೂಲು ಬೇಡ" ಎಂದು ತೀರ್ಪು ಬಂತು. ನನ್ನ ಜೀವ ಬಂದಂತಾಗಿ ಕಾಲಿಗೆ ಬೀಳಲು ಬಗ್ಗಿದೆ. ಮಾವ ಶಾಲು ಸರಿಮಾಡಿಕೊಂಡು ಮಾತು ಮುಂದುವರಿಸಿದರು. "ಆದ್ರೆ ಅವಳು ಲೆಕ್ಕಕ್ಕೆ ಕೂತಾಗ ನೀನು ಮನೆ ಒಳಗೆ ಇರೋ ಹಾಗಿಲ್ಲ."

ಹೀಗಾಗಿ ಈಗ ದಿನಾ ತಿಂಡಿಯಾದ ಮೇಲೆ ಮಗಳು ಟ್ಯಾಬ್ ಹಿಡಿದು ಕೂರುತ್ತಾಳೆ. ಭದ್ರಾವತಿಯಿಂದ ವಿಡಿಯೋ ಕಾಲ್ ಬರುತ್ತದೆ. "ಹೊರಗೆ ಹೋದ್ಲಾ?" ಎಂದು ಮಾವ ಕೇಳುತ್ತಾರೆ. "ಹೋದ್ಲು ಅಜ್ಜ" ಎಂದು ಮಗಳು ಚಿಲಕ ಹಾಕಿಕೊಳ್ಳುತ್ತಾಳೆ. ಒಮ್ಮೆ ಕಿಟಕಿಯಲ್ಲಿ ಇಣುಕಿದೆ. ಪರದೆ ಎಳೆದುಬಿಟ್ಟಳು.

ಮೊನ್ನೆ ಹಾಗೇ ಗೇಟಿನ ಬಳಿ ನಿಂತಿದ್ದಾಗ ಎದುರುಮನೆಯ ಸುಮಕ್ಕ ಸೊಪ್ಪಿನ ಚೀಲ ಹಿಡಿದು ಬಂದರು.

"ಏನ್ರೀ ಸವಿತಾ, ಬಿಸಿಲಲ್ಲಿ ನಿಂತಿದೀರಾ?"

"ಒಳಗೆ ಪಾಠ ನಡೀತಿದೆ ಸುಮಕ್ಕ."

"ಮನೇಲಿ ನೀವೇ ಅಲ್ವಾ ಟೀಚರು?"

"ಹೌದು" ಎಂದೆ. "ಟೀಚರು ಉತ್ತರ ಹೇಳಿಕೊಡ್ತಾರೆ ಅಂತ ಕ್ಲಾಸಿನಿಂದ ಹೊರಗೆ ಹಾಕಿದಾರೆ."