ನಮ್ಮೆಜಮಾನ್ರ ಸ್ಪೇರ್ ಬ್ಯಾಟ್ರಿ

ಅತಿ ಬುದ್ಧಿವಂತರ ಮನೇಲಿ ನಗೋದಕ್ಕೆ ಬರ ಇರಲ್ಲ. ನನ್ನ ಮನೇಲಿ ಸುಗ್ಗಿಯೋ ಸುಗ್ಗಿ. ಚಾಮರಾಜನಗರದ ನಮ್ಮ ಬೀದೀಲಿ ಬೇರೆ ಗಂಡಸರು ಇಸ್ಪೀಟಾಡಿ ಕೆಟ್ಟರೆ, ನಮ್ಮೆಜಮಾನ್ರು ಓದಿ ಕೆಟ್ಟರು. ತೊಂಬತ್ತರ ದಶಕದ ಮಾತು. ಹೊರದೇಶದವರು ಗಾಡೀಲಿ ಎರಡನೇ ಬ್ಯಾಟರಿ ಇಟ್ಕೊಂಡು, ಗಾಡಿ ಓಡೋವಾಗ ಎಂಜಿನ್ನಿಂದಲೇ ಅದನ್ನ ಚಾರ್ಜ್ ಮಾಡಿ, ಕಾಡಲ್ಲಿ ಡೇರೆ ಹಾಕ್ಕೊಂಡು ಫ್ಯಾನು, ಲೈಟು, ಟೀವಿ ಎಲ್ಲಾ ನಡೆಸ್ತಾರೆ ಅಂತ ಯಾವುದೋ ಪತ್ರಿಕೇಲಿ ಓದಿಬಿಟ್ಟರು. ಅವತ್ತಿಂದ ಹತ್ತಿಕೊಂಡಿತು ನನಗೆ ಶನಿ.

೧. ಸವತಿ ಬಂದಳು

ನಮ್ಮದು ಹಳೇ ಪೆಟ್ರೋಲ್ ಜೀಪು. ಮುಂದಿನ ಸೀಟು ನನ್ನದು. ಒಂದು ದಿನ ನೋಡ್ತೀನಿ, ನನ್ನ ಸೀಟಲ್ಲಿ ಹೊಸ ಬ್ಯಾಟರಿ! ಅರಿಶಿನ, ಕುಂಕುಮ, ಮೇಲೊಂದು ಚೆಂಡು ಹೂವಿನ ಹಾರ ಬೇರೆ. ನಾನು ಹಿಂದೆ ಹೋಗಿ ಕೂರಬೇಕಂತೆ.

"ಹಿಂದೆ ಕುಲುಕಾಟ ಜಾಸ್ತಿ, ಬ್ಯಾಟ್ರಿ ತಡ್ಕೊಳ್ಳಲ್ಲ" ಅಂದರು.

"ನಾನು ತಡ್ಕೋತೀನಾ?"

"ನೀನು ಗಟ್ಟಿ ಕಣೇ."

ಹಂಗೇ ಹೊರಟು ಹರದನಹಳ್ಳಿ ದಾಟೋಷ್ಟರಲ್ಲಿ ಬ್ಯಾಟರಿ ಕಟ್ಟಿದ್ದ ಹಗ್ಗ ಸಡಿಲ ಆಯ್ತು, ಬ್ಯಾಟರೀನ ಹಿಡ್ಕೋ ಅಂದರು. ತೊಡೆ ಮೇಲೆ ಇಟ್ಕೊಂಡೆ. ಒಂದು ಹಳ್ಳಕ್ಕೆ ಗಾಡಿ ಎಗರಿತು, ಆಸಿಡ್ ತುಳುಕಿತು. ನನ್ನ ತವರಿನ ರೇಷ್ಮೆ ಸೀರೆ ಕಣ್ಣೆದುರಿಗೇ ಜರಡಿ ಆಯ್ತು. ಕಿರುಚಿದೆ. ನಮ್ಮೆಜಮಾನ್ರು ಗಾಬರಿಯಿಂದ ಗಾಡಿ ನಿಲ್ಲಿಸಿ ಓಡಿ ಬಂದರು. "ಅಯ್ಯೋ, ಎಷ್ಟು ಚೆಲ್ತು? ಬ್ಯಾಟ್ರಿಗೇನೂ ಆಗ್ಲಿಲ್ವಲ್ಲ?"

೨. ಏರಿಗೊಂದು, ಇಳಿಜಾರಿಗೊಂದು

ಚಾರ್ಜ್ ಮಾಡೋಕೆ ಅಂತ ಗೋಪಾಲಸ್ವಾಮಿ ಬೆಟ್ಟಕ್ಕೆ ಕರ್ಕೊಂಡು ಹೋದರು. ದೇವರಿಗೆ ಕೈ ಮುಗಿದಿದ್ದು ನಾನೊಬ್ಬಳೇ. ಇವರು ಬಾನೆಟ್ಟಿಗೆ ಮುಗೀತಿದ್ದರು.

ಮನೆ ಬಿಡೋವಾಗಲೇ ಆ ಬ್ಯಾಟರಿಯ ವೈರು ಬಿಚ್ಚಿದರು. ಯಾಕೆ ಅಂದೆ. "ಏರೋವಾಗ ಎಂಜಿನ್‌ಗೆ ಅದೂ ಒಂದು ಭಾರ." ಮೇಲೆ ಹೋದ ಮೇಲೆ ಭಕ್ತಿಯಿಂದ ವೈರು ಸಿಕ್ಕಿಸಿದರು. ಇಳಿಜಾರು ಬಂತೋ ಇಲ್ವೋ, ನಮ್ಮ ಕಡೆ ಡ್ರೈವರುಗಳ ಚಾಳಿ ಇದೆಯಲ್ಲ, ಕೀಲಿ ತಿರುಗಿಸಿ ಎಂಜಿನ್ನೇ ಆರಿಸಿಬಿಟ್ಟರು! "ಸುಮ್ಮನೆ ಉರುಳೋ ಗಾಡಿಗೆ ಪೆಟ್ರೋಲ್ ಯಾಕೆ ಸುಡಬೇಕು?"

ಬುಡಕ್ಕೆ ಬಂದ ಮೇಲೆ, ಮತ್ತೆ ಭಾರ ಅಂತ ವೈರು ಬಿಚ್ಚಿ ಎಂಜಿನ್ ಹಚ್ಚಿದರು. ಮನೆಗೆ ಬಂದು ಫ್ಯಾನ್ ಹಾಕಿದರು. ರೆಕ್ಕೆ ಅಲ್ಲಾಡಲಿಲ್ಲ. ಗಂಭೀರವಾಗಿ ಬ್ಯಾಟರಿ ತಟ್ಟಿ ನೋಡಿ, "ಬೆಟ್ಟದ ಮೇಲೆ ಚಳಿ ಜಾಸ್ತಿ ಇತ್ತು, ಅದಕ್ಕೇ" ಅಂದರು.

೩. ಕತ್ತಲಲ್ಲಿ ಯಜಮಾನ್ರು

ಆಮೇಲೆ ನಾನೇ ಜೊತೇಲಿ ಕೂತು, ಕೀಲಿಗೆ ಕೈ ಹಾಕಿದಾಗಲೆಲ್ಲಾ ಗದರಿಸಿಕೊಂಡು, ಗುಂಡ್ಲುಪೇಟೆಗೆ ಹೋಗಿ ಬಂದಿದ್ದಕ್ಕೆ ಚಾರ್ಜ್ ಆಯ್ತು. ಅವತ್ತು ಸಂಜೆ ಬೀದಿಗೆಲ್ಲಾ ಕರೆಂಟ್ ಹೋಯ್ತು. ಸೆಕೆ, ಸೊಳ್ಳೆ. ನಾನು ಖುಷಿಯಿಂದ, "ಹಾಕಿ ಫ್ಯಾನು" ಅಂದೆ.

"ಚೆನ್ನಾಗಿ ಹೇಳ್ದೆ! ಅದು ಕ್ಯಾಂಪಿಗೆ. ಮನೇಲಿ ಖರ್ಚು ಮಾಡೋಕಾಯ್ತದಾ?"

ತುಂಬಿದ ಬ್ಯಾಟರಿ ಮೂಲೇಲಿ ಕೂತಿತ್ತು. ಇವರು ಅದರ ಪಕ್ಕ ಕೂತು ಬೀಸಣಿಗೆ ಬೀಸ್ತಿದ್ದರು. ತಮಗಲ್ಲ, ಬ್ಯಾಟರಿಗೆ. ಬಿಸಿಯಾಗ್ತದಂತೆ.

೪. ಬೀಗರು ತಳ್ಳಿದ್ದು

ಇಲ್ಲಿವರೆಗಿನದು ನನ್ನ ಕರ್ಮ ಅಂತ ಸುಮ್ಮನಿದ್ದೆ. ಆದರೆ ಇವರ ತಂಗಿ, ನನ್ನ ನಾದಿನಿ, ಮದುವೆ ವಯಸ್ಸಿಗೆ ಬಂದಿದ್ದಳು. ನೋಡಿ ಹೋದವರೆಲ್ಲಾ "ತಿಳಿಸ್ತೀವಿ" ಅಂದವರೇ, ತಿಳಿಸಲಿಲ್ಲ. ಈಗ ಚಂದಕವಾಡಿ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಅವಳಿಗೆ ಇಷ್ಟ, ಅವನಿಗೂ ಇಷ್ಟ. ಅವನಪ್ಪ ಮಾತ್ರ ಇನ್ನೂ ಯೋಚಿಸ್ತಿದ್ದರು. ಇದೂ ತಪ್ಪಿದರೆ ಆ ಹುಡುಗಿ ಮುಖ ನೋಡೋಕಾಗಲ್ಲ ಅಂತ ನಾನು ಕಂಡ ಕಂಡ ದೇವರಿಗೆಲ್ಲಾ ಹರಕೆ ಹೊತ್ತಿದ್ದೆ. ಇವರು, "ಉಪ್ಪಿಟ್ಟು, ಕೇಸರಿಬಾತು ಎಲ್ಲಾರೂ ಕೊಡ್ತಾರೆ, ನಾನು ಕ್ಯಾಂಪಿಂಗ್ ತೋರಿಸ್ತೀನಿ" ಅಂತ ಶ್ರಾವಣ ಶನಿವಾರ ಹುಡುಗ, ಅವನ ಅಪ್ಪ ಅಮ್ಮ, ನಾದಿನಿ, ನಾನು, ಎಲ್ಲರನ್ನೂ ಜೀಪಿಗೆ ತುಂಬಿಕೊಂಡು ಹಂಗಳದ ಹತ್ತಿರ ಹುಣಸೇ ತೋಪಿಗೆ ಹೊರಟರು.

ಟಾರ್ಪಾಲು ಕಟ್ಟಿದ್ದಾಯ್ತು. ಫ್ಯಾನು ತಿರುಗಿತು, ಹಾಡು ಬಂತು, ಹಾಡಹಗಲಲ್ಲಿ ಟ್ಯೂಬ್‌ಲೈಟೂ ಉರೀತು. ಹುಡುಗನ ಅಪ್ಪ, "ಪರ್ವಾಗಿಲ್ಲ ಕಣಯ್ಯ!" ಅಂದರು. ಇವರು ಉಬ್ಬಿ ಟೀವೀನೂ ಹಾಕಿದರು. ಮಧ್ಯಾಹ್ನ ಎಲ್ಲಾ ಒಟ್ಟಿಗೇ ಪ್ರಾಣ ಬಿಟ್ಟವು. ಹೊರಡೋಣ ಅಂದರೆ ಜೀಪೂ ಉಸಿರೆತ್ತಲಿಲ್ಲ. ಈ ಮಹಾನುಭಾವರು ಗಾಡೀದು, ಹೊಸದು ಎರಡೂ ಬ್ಯಾಟರಿಯ ವೈರು ಸೇರಿಸಿ ಗಂಟು ಹಾಕಿದ್ದರು, ಎರಡೂ ಬರಿದು.

"ಅಂಗಾರೆ ಈಗ?" ಅಂದರು ಹುಡುಗನ ಅಪ್ಪ.

"ಒಂಚೂರು ತಳ್ಳಿ ಬೀಗ್ರೆ."

ಇಸ್ತ್ರಿ ಮಾಡಿದ ಬಿಳೀ ಪಂಚೆ ಎತ್ತಿ ಕಟ್ಟಿ ಅವರು ತಳ್ಳಿದರು, ಪಟ್ಟೆ ಸೀರೇಲಿ ಅವರ ಹೆಂಡತಿ ತಳ್ಳಿದರು, ನಾವೂ ತಳ್ಳಿದೆವು. ರಸ್ತೆಗೆ ಬಂದ ಮೇಲೆ ಎಂಜಿನ್ ಗುರ್ ಅಂತು. ನಿಲ್ಲಿಸ್ತಾರೆ ಅಂತ ನಿಂತ್ಕೊಂಡೆವು. ಎಲ್ಲಿ! "ನಿಲ್ಸಿದ್ರೆ ಆರೋಯ್ತದೆ! ಓಡ್ಬಂದು ಹತ್ಕೊಳ್ಳಿ!" ಅಂತ ಕೂಗ್ತಾ ಹೋಗೇಬಿಟ್ಟರು.

ಓಡೋ ವಯಸ್ಸು ಇದ್ದಿದ್ದು ಇಬ್ಬರಿಗೇ. ಹುಡುಗ ಹಾರಿ ಹತ್ತಿದ, ಕೈ ಚಾಚಿ ನಾದಿನೀನ ಎಳ್ಕೊಂಡ. ಹಿಂದೆ ನಾವು ಹಿರಿಯರು, "ನಿಲ್ಸೀ, ನಿಲ್ಸೀ" ಅಂತ ಎದೆ ಬಡ್ಕೊಂಡು ಓಡ್ತಿದ್ದೆವು. ಅದೇ ಹೊತ್ತಿಗೆ ಬೆಟ್ಟದಿಂದ ಭಕ್ತರ ಬಸ್ಸು ಬಂತು.

ಕಿಟಕೀಲಿ ಒಬ್ಬಳು ಹೆಂಗಸು ಕಿರುಚಿದಳು, "ಅಯ್ಯಯ್ಯೋ, ಹುಡ್ಗೀನ ಹಾರುಸ್ಕೊಂಡೋಯ್ತಾವ್ರೆ ಕಣಮ್ಮಿ! ಅವ ನಮ್ ಚಂದಕವಾಡಿ ಹುಡ್ಗ ಅಲ್ವಾ!"

ಅದೇ ಬಸ್ಸು ನಮ್ಮನ್ನ ಹತ್ತಿಸಿಕೊಂಡಿತು. ಅರ್ಧ ಬಸ್ಸು ಚಂದಕವಾಡಿಯವರೇ. "ವಯಸ್ಸಿನ ಮಕ್ಳು, ಬುಡಿ ಗೌಡ್ರೆ, ಮದ್ವೆ ಮಾಡ್ಬುಡಿ" ಅಂತ ಸಮಾಧಾನ. ಹುಡುಗನ ಅಪ್ಪ, "ಹಂಗಲ್ಲ ಕಣ್ರಪ್ಪಾ, ಬ್ಯಾಟ್ರಿ ಇಳಿದೋಗಿತ್ತು" ಅಂತ ಎಷ್ಟು ಹೇಳಿದರೂ, ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂತ ಎಲ್ಲರೂ ತಲೆಯಾಡಿಸಿದರು.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಲ್ಲಿ ಜೀಪು ನಿಂತಿತ್ತು. ಹುಡುಗ, ಹುಡುಗಿ ತಲೆ ತಗ್ಗಿಸಿ ನಗ್ತಿದ್ದರು. ನಮ್ಮೆಜಮಾನ್ರು, "ನೋಡಿದ್ರಾ ಬೀಗ್ರೆ, ಪಿಕಪ್ಪು!" ಅಂದರು.

ಹುಡುಗನ ಅಪ್ಪ ಅವರ ಮುಖಾನೂ ನೋಡದೆ ನನ್ನ ಹತ್ತಿರ ಬಂದರು. "ಊರೇ ನೋಡ್ಬುಟ್ಟದೆ ಕಣವ್ವ. ಇನ್ ಮದ್ವೆ ಮಾಡ್ದಿದ್ರೆ ನಮ್ ಮರ್ವಾದೆ ಓಯ್ತದೆ. ಮುಹೂರ್ತ ನೋಡ್ಸನ. ನಂದೊಂದೇ ಷರತ್ತು: ನಿನ್ ಗಂಡ ಛತ್ರಕ್ಕೆ ಬಸ್ಸಲ್ಲಿ ಬರ್ಬೇಕು, ಬರೀಗೈಲಿ."

ಗಂಡಿನ ಕಡೆಯವರು ಹೆಣ್ಣಿನ ಅಣ್ಣನಿಗೆ ಬರೀಗೈಲಿ ಬಾ ಅಂತ ಷರತ್ತು ಹಾಕಿದ್ದು ನಮ್ಮ ಸೀಮೇಲಿ ಅದೇ ಮೊದಲು.