ಸೇನಾಪತಿಯ ಮುಖ, ಎತ್ತಿನ ಕೊಂಬು

ಗೋಡೆ ಮೇಲೆ ಚಿತ್ರವಾಗಬೇಕೆಂಬ ಆಸೆ ಮನುಷ್ಯನಿಗೆ ಎಲ್ಲಿಂದ ಬರುತ್ತದೋ ಗೊತ್ತಿಲ್ಲ. ನನಗಂತೂ ಅದು ಸಿಂಗಟಗೆರೆಯ ಮಾವನ ಮನೆಯಿಂದ ಬಂತು. ಮದುವೆಯ ಹೊಸತರಲ್ಲಿ ಅವರ ಎತ್ತೊಂದು ನನ್ನ ಕಡೆ ತಿರುಗಿ ಬುಸ್ ಅಂದಿತು ಅಷ್ಟೇ, ನಾನು ಚಪ್ಪಲಿ ಬಿಟ್ಟು ಹಿತ್ತಲ ಬೇಲಿ ಹಾರಿಬಿಟ್ಟೆ. ಆವತ್ತಿನಿಂದ ಆ ಮನೆಯಲ್ಲಿ ತುಪ್ಪ ಬಡಿಸುವಾಗಲೆಲ್ಲ ಬೇಲಿಯ ಕತೆಯನ್ನೂ ಬಡಿಸುತ್ತಾರೆ. ಅಜ್ಜಂಪುರದ ಸೊಸೈಟಿ ಗುಮಾಸ್ತನಿಗೆ ಮರ್ಯಾದೆ ಅನ್ನೋದು ಎಷ್ಟೂಂತ ಇರುತ್ತೆ ಹೇಳಿ, ಇದ್ದದ್ದೂ ಹೋಯ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮೂರ ಯುವಕ ಸಂಘದ ಹೊಸ ಹಾಲ್‌ಗೆ ಒಂದು ಯುದ್ಧದ ಚಿತ್ರ ಬರೆಸುವುದೆಂದು ತೀರ್ಮಾನವಾಯಿತು. ಹಿಂದೆ ಮೈಸೂರಿನ ದಂಡಿಗೆ ಫಿರಂಗಿ ಎಳೆದದ್ದು ನಮ್ಮ ಅಮೃತಮಹಲ್ ಎತ್ತುಗಳು ತಾನೆ? ಅದನ್ನೇ ಬರೆಯಲು ಕಡೂರಿನಿಂದ ನಾಟಕದ ಪರದೆ ಬರೆಯುವ ಪೇಂಟರ್ ಚಂದ್ರಪ್ಪ ಬಂದ. ನಾನು ಅವನಿಗೆ ಕಾಫಿ ಕುಡಿಸಿ ಕುಡಿಸಿ ಚಿತ್ರದ ಸೇನಾಪತಿಯಾದೆ. ಅಕ್ಕಿ ಮೂಟೆಯನ್ನೇ ಕುದುರೆ ಮಾಡಿಕೊಂಡು, ಕತ್ತಿಯ ಹಾಗೆ ಕೊಡೆ ಹಿರಿದು ಕೂತೆ. "ಸ್ವಲ್ಪ ಕೋಪ ಬರ್ಲಿ ಸಾರ್" ಅನ್ನುತ್ತಿದ್ದ. ಸಕ್ಕರೆ ಸ್ಟಾಕ್ ಇಲ್ಲ ಅಂದಾಗ ಜನ ಬೈಯೋದನ್ನ ನೆನೆಸಿಕೊಂಡು ಕೋಪ ತಂದುಕೊಂಡೆ. ಮುಖ ಥೇಟ್ ನಂದೇ ಬಂತು. ಹೆಂಡತಿ ಗಿರಿಜೆಗೆ ಗುಟ್ಟು ಬಿಟ್ಟುಕೊಡದೆ, ಉದ್ಘಾಟನೆಗೆ ಅವಳ ತವರಿನವರನ್ನೆಲ್ಲ ಕರೆದುಬಿಟ್ಟೆ.

ಅಷ್ಟರಲ್ಲಿ ಊರಿನವರು ಚಿತ್ರ ನೋಡಲು ಬಂದರು. ಕುದುರೆ ಮೇಲಿದ್ದ ಸೇನಾಪತಿಯನ್ನು ಒಬ್ಬರೂ ನೋಡಲಿಲ್ಲ. ಎಲ್ಲರ ಕಣ್ಣೂ ಅವನ ಮುಂದಿದ್ದ ಎತ್ತಿನ ಮೇಲೆ. "ಏನಪ್ಪಾ, ನಮ್ ಎತ್ತಿಗೆ ಇಷ್ಟೇ ಕೊಂಬಾ? ಮೇಕೆ ಕೊಂಬು ಬರ್ದಿದೀಯಲ್ಲೋ" ಅಂದರು ಪಟೇಲರು. ಚಂದ್ರಪ್ಪ ಕೊಂಬು ಉದ್ದ ಮಾಡಿದ. ಮರುದಿನ ಇನ್ನೊಬ್ಬರು ಬಂದು, ತಮ್ಮ ಕೊಟ್ಟಿಗೆಯದು ಇದಕ್ಕಿಂತ ಉದ್ದ ಅಂದರು. ಯಾರೋ ತರೀಕೆರೆಯಲ್ಲಿ ಇನ್ನೂ ಉದ್ದದ್ದು ಕಂಡಿದ್ದರಂತೆ. ತರೀಕೆರೆಗೆ ನಾವು ಸೋಲೋದುಂಟೆ? ಕೊಂಬು ಹಿಂದಕ್ಕೆ ಬಾಗಿ ಬೆಳೆದು ಸೇನಾಪತಿಯ ಗದ್ದ ಮುಟ್ಟಿತು, ಆಮೇಲೆ ಮೂಗು ನುಂಗಿತು.

"ನನ್ನ ಮುಖ ಕಣೋ ಅದು" ಅಂದೆ.

"ಮುಖ ಯಾರು ಕೇಳ್ತಾರೆ ಸಾರ್? ಕೊಂಬು ಕೇಳ್ತಾರೆ" ಅಂದ. ನನಗೆ ಅಳುವೇ ಬಂತು.

ಉದ್ಘಾಟನೆಯ ದಿನ ಜನವೆಲ್ಲ ಕೊಂಬಿಗೆ ಚಪ್ಪಾಳೆ ತಟ್ಟಿದರು. ತವರಿನವರ ನಡುವೆ ನಿಂತ ಗಿರಿಜೆ ಬಹಳ ಹೊತ್ತು ಚಿತ್ರ ನೋಡಿದಳು.

"ಪಾಪ, ಯಾರ್ರೀ ಅದು? ಎತ್ತು ಮೂತಿಗೇ ತಿವಿದ್ಬಿಟ್ಟಿದೆ."

"ಶತ್ರು ಕಡೆಯೋನು ಕಣೇ" ಅಂದೆ. ಇನ್ನೇನು ಹೇಳಲಿ?

"ನಿಮ್ ಥರ ಬೇಲಿ ಹಾರಿದ್ರೆ ಬದುಕ್ಕೋತಿದ್ದ" ಅಂದಳು ಗಿರಿಜೆ, ತವರಿನವರ ಎದುರು ಮೊದಲ ಸಲ ನನ್ನ ಬಗ್ಗೆ ಹೆಮ್ಮೆಯಿಂದ.