ತಲೆಯ ಮೇಲೆ ಸೆರಗು ಹೊದ್ದು ಬಂದ ದೆವ್ವದವರಿಗೆ

ಇಳಕಲ್
ಮಾರ್ಚ್ 2003

‘ಬಾವಿ ಬಂಗಲೆ’ ಚಿತ್ರಮಾಲಿಕೆಯ ಐದೂ ಭಾಗಗಳಲ್ಲಿ ಬಿಡುವಿಲ್ಲದೆ ದುಡಿಯುತ್ತಿರುವ ದೆವ್ವದವರ ಸನ್ನಿಧಿಗೆ,

ಮಾನ್ಯರೇ,

ತಮ್ಮನ್ನು ಕುಮಾರಿ ಎನ್ನಬೇಕೋ ಶ್ರೀಮತಿ ಎನ್ನಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಮೊದಲ ಭಾಗದಲ್ಲಿ ತಾವು ಮದುವೆಯ ಹಿಂದಿನ ದಿನ ಬಾವಿಗೆ ಬಿದ್ದಿದ್ದಿರಿ. ಮೂರನೆಯದರಲ್ಲಿ ತಮಗೊಬ್ಬ ಗಂಡನೂ, ನಾಲ್ಕನೆಯದರಲ್ಲಿ ಕಾಲೇಜಿಗೆ ಹೋಗುವ ಮಗನೂ ಇರುವುದು ತಿಳಿದುಬಂತು. ಸತ್ತ ಮೇಲೂ ಸಂಸಾರವನ್ನು ಇಷ್ಟು ಬೆಳೆಸಿದ ತಮ್ಮ ಶ್ರದ್ಧೆಗೆ ತಲೆಬಾಗಿ, ‘ಮಾನ್ಯರೇ’ ಎಂದಷ್ಟೇ ಬರೆಯುತ್ತಿದ್ದೇನೆ. ಪತ್ರಿಕೆಯ ಮೂಲಕ ಬರೆಯುವುದಕ್ಕೆ ಕ್ಷಮೆಯಿರಲಿ. ತಮ್ಮ ಬಾವಿಗೆ ಪಿನ್‌ಕೋಡ್ ಸಿಗಲಿಲ್ಲ.

ಮೊದಲ ನಾಲ್ಕು ಭಾಗಗಳ ಬಗ್ಗೆ ನಮ್ಮ ಊರಿನ ಯಾರಿಗೂ ತಕರಾರಿಲ್ಲ. ತಾವು ಬಿಳಿ ಸೀರೆ ಉಟ್ಟು, ಕೂದಲು ಬಿಚ್ಚಿಕೊಂಡು, ಗೆಜ್ಜೆಯ ಸದ್ದು ಮಾಡುತ್ತಾ ಬರುತ್ತಿದ್ದಿರಿ; ನಾವು ಟಾಕೀಸಿನಲ್ಲಿ ಶೇಂಗಾ ಸುಲಿಯುತ್ತಾ ನೋಡುತ್ತಿದ್ದೆವು. ಅಂಥ ಹೆಂಗಸು ನಮ್ಮ ಯಾರ ಮನೆಯಲ್ಲೂ ಇರಲಿಲ್ಲವಾದ್ದರಿಂದ ನೆಮ್ಮದಿಯಿಂದ ಹೆದರಬಹುದಾಗಿತ್ತು.

ಐದನೆಯ ಭಾಗಕ್ಕೆ ತಮ್ಮ ಕಡೆಯವರು ಸೀರೆ ಹುಡುಕುತ್ತಾ ಕೈಮಗ್ಗದ ನಮ್ಮ ಮನೆಗೇ ಬಂದರು. ಯಾರಿಗೆ ಎಂದು ನಮ್ಮ ಅತ್ತೆ ಶಿವಲಿಂಗವ್ವ ಕೇಳಿದ್ದಕ್ಕೆ, ಮುಖ್ಯವಾದ ಹೆಣ್ಣು ಪಾತ್ರಕ್ಕೆ ಎಂದರು. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ತಮ್ಮ ಪಾತ್ರ ಮಾಡುವ ಹುಡುಗಿ ಅತ್ತೆ ನೇಯ್ದ ಸೀರೆಯನ್ನು ನಮ್ಮ ಪಡಸಾಲೆಯಲ್ಲೇ ಉಟ್ಟು ನೋಡಿದಳು. ಹೊಸ ಸೀರೆ ಉಟ್ಟ ಹೆಣ್ಣುಮಗಳನ್ನು ಸುಮ್ಮನೆ ಹೊಸ್ತಿಲು ದಾಟಿಸುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆ ಅವಳನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ತೆಂಗಿನಕಾಯಿ, ಅರಿಸಿನದ ಕೊಂಬು ಹಾಕಿ ಉಡಿ ತುಂಬಿ, ಬುದ್ಧಿಮಾತನ್ನೂ ಹೇಳಿದರು: “ಯವ್ವಾ, ಹಿರ್ಯಾರ ಮುಂದ ಬರೂ ಮುಂದ ತಲಿ ಮ್ಯಾಲ ಸೆರಗ ಹೊದ್ಕೊಬೇಕು. ಬರೇ ತಲಿಲೆ ಬಂದ್ರ, ಯಾರ ಮನಿ ಹುಡುಗಿ ಇಕಿ ಅಂತಾರ.”

ಹುಡುಗಿ ಮಾತು ಕೇಳುವವಳು. ಚಿತ್ರ ಬಂದ ದಿನ ತಾವು ಬಾವಿಯಿಂದ ಎದ್ದಿರಿ, ಕಟ್ಟೆಯ ಮೇಲೆ ಕುಳಿತ ವಯಸ್ಸಾದ ಗೌಡರನ್ನು ಕಂಡಿರಿ, ಕೆಂಪು ಸೆರಗನ್ನು ಮೆಲ್ಲಗೆ ತಲೆಯ ಮೇಲೆಳೆದುಕೊಂಡು, ಕಣ್ಣು ತಗ್ಗಿಸಿ ಹತ್ತಿರ ಹೋಗಿ, ಅವರ ಕುತ್ತಿಗೆಗೆ ಬಾಯಿ ಹಾಕಿದಿರಿ. ಶೇಂಗಾ ಸುಲಿಯುವ ಸದ್ದು ನಿಂತಿತು. ಅಲ್ಲಿದ್ದ ಪ್ರತಿಯೊಬ್ಬ ಗಂಡಸೂ ಅದೇ ರೀತಿ ಸೆರಗು ಹೊದ್ದ ಒಬ್ಬಾಕೆಯ ಕೈಯಿಂದ ಅಂದು ಬೆಳಿಗ್ಗೆ ಚಹಾ ಕುಡಿದು ಬಂದಿದ್ದ. ಅತ್ತೆಯ ಮುಖ ಮಾತ್ರ ಅರಳಿತ್ತು. “ನೋಡ, ಹೇಳಿದ್ದ ಮರ್ತಿಲ್ಲ ಹುಡುಗಿ!” ಎಂದರು.

ನಾನೂ ಹೆದರಿದೆ. ಹೆದರಿದ್ದು ತಮಗೋ, ಅಥವಾ ಹಾಗೆಯೇ ಸೆರಗು ಹೊದ್ದು ಹಿರಿಯರೆದುರು ತಗ್ಗಿ ನಿಂತಾಗ ನನ್ನ ಮನಸ್ಸಿನಲ್ಲಿ ಎಷ್ಟೋ ಸಲ ಸುಳಿದು ಹೋದದ್ದಕ್ಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಮುಂದಿನ ವಾರ ನನ್ನ ಮಗಳು ಸುಶ್ಮಿತಾಳನ್ನು ನೋಡಲು ಬಾಗಲಕೋಟೆಯ ವಿದ್ಯಾಗಿರಿಯಿಂದ ಶಿವಪುತ್ರ ಎಂಬ ವರ ಬಂದರು. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಾರೆ, ಮೃದು ಸ್ವಭಾವ. ಫೋಟೋದಲ್ಲೇ ನನ್ನ ಮಗಳಿಗೆ ಹಿಡಿಸಿದ್ದರು. ಈ ದಿನಕ್ಕೆಂದೇ ಮೊಮ್ಮಗಳಿಗೆ ಅತ್ತೆ ನೇಯ್ದಿಟ್ಟ ಸೀರೆ ತಮ್ಮ ಸೀರೆಯ ಜೋಡಿ: ಅದೇ ಹಸಿರು ಒಡಲು, ಅದೇ ಕೆಂಪು ಸೆರಗು. ಸುಶ್ಮಿತಾ ಅದನ್ನುಟ್ಟು, ತಲೆಯ ಮೇಲೆ ಸೆರಗೆಳೆದು, ಅವಲಕ್ಕಿಯ ತಾಟು ಹಿಡಿದು ಕತ್ತಲೆಯ ಒಳಕೋಣೆಯಿಂದ ಹೊರಬಂದಳು. ಹಿಂದಿನ ದಿನವಷ್ಟೇ ತಮ್ಮ ದರ್ಶನ ಪಡೆದಿದ್ದ ಶಿವಪುತ್ರ “ಯವ್ವಾ, ಬಂದ್ಲು!” ಎಂದು ಕಿರುಚಿ ತಾಯಿಯ ಬೆನ್ನ ಹಿಂದೆ ಸೇರಿಕೊಂಡರು.

ಆ ತಾಯಿ ನೀರು ಕುಡಿದು, ಸುಧಾರಿಸಿಕೊಂಡು, ಮರ್ಯಾದೆಯಿಂದಲೇ ಹೇಳಿದರು: “ಹುಡುಗಿ ಭಾಳ ಛಲೋ ಅದಾಳ್ರಿ. ಆ ಸೀರಿ ಒಂದ ಬ್ಯಾಡ. ಮದಿವ್ಯಾಗ ಬ್ಯಾರೆ ಉಡಸ್ತೇವಿ ಅಂದ್ರ ಮುಂದಿನ ಮಾತು ಆಡೂಣು.”

ಅಂದಿನಿಂದ ಅತ್ತೆ ಮಗ್ಗದ ಹತ್ತಿರ ಹೋಗಿಲ್ಲ. “ದೆವ್ವಕ್ಕ ಒಪ್ಪಿದ್ದು ಮನಷ್ಯಾರಿಗೆ ಒಪ್ಪಂಗಿಲ್ಲೇನ?” ಎಂದು ಒಮ್ಮೆ ಕೇಳಿದರು. ಸುಶ್ಮಿತಾ ಮಾತ್ರ, “ಸೀರಿ ಬದಲಿ ಮಾಡೂದಕಿಂತ ವರನ್ನ ಬದಲಿ ಮಾಡೂದ ಹಗರ ಐತಿ, ಬಿಡವಾ” ಎಂದಳು. ಆದರೆ ಆ ಫೋಟೋವನ್ನು ಹಿಂದಕ್ಕೆ ಕೊಡು ಎಂದರೆ ಸಿಗುತ್ತಿಲ್ಲ ಎನ್ನುತ್ತಾಳೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ಆರನೆಯ ಭಾಗದಲ್ಲಿ ದಯವಿಟ್ಟು ಮೊದಲಿನಂತೆ ಕೂದಲು ಬಿಚ್ಚಿಕೊಂಡೇ ಬನ್ನಿ. ಅತ್ತೆಗೆ ನಾನು ಸಮಾಧಾನ ಹೇಳುತ್ತೇನೆ. ನಮ್ಮ ಸೀರೆ ತಮಗೆ ಅಷ್ಟೊಂದು ಹಿಡಿಸಿದ್ದರೆ ಬಾವಿಯೊಳಗೆ ಬೇಕಾದಾಗ ಉಡಿ, ಮೇಲೆ ಬರುವಾಗ ಬದಲಿಸಿ. ತಾವೂ ನನ್ನ ಮಗಳೂ ಬೇರೆ ಬೇರೆ ಎಂಬುದನ್ನು ಹಗಲು ಹೊತ್ತಿನಲ್ಲಿ ವಿದ್ಯಾಗಿರಿಗೆ ಹೋಗಿ ವರನಿಗೆ ತಾವೇ ತಿಳಿಸಿದರೆ ಇನ್ನೂ ಒಳ್ಳೆಯದು; ಬಸ್ಸಿನಲ್ಲಿ ಮಹಿಳೆಯರಿಗೆ ಮುಂದಿನ ಸೀಟುಗಳಿರುತ್ತವೆ.

ತಮಗೆ ಉಡಿ ತುಂಬಿ ಕಳಿಸಿದ ಮನೆಯ ಸೊಸೆ,
ತಮ್ಮ ವಿಶ್ವಾಸಿ,
ಅನುರಾಧಾ

ವಿ.ಸೂ.: ಪತ್ರ ಮುಗಿಸುವಷ್ಟರಲ್ಲಿ ಶಿವಪುತ್ರ ಅವರೇ ಫೋನ್ ಮಾಡಿದ್ದರು. ಸೀರೆ ಯಾವುದಾದರೂ ಆಗಬಹುದಂತೆ, ಹುಡುಗಿ ಇವಳೇ ಆಗಬೇಕಂತೆ. ಸುಶ್ಮಿತಾ ಒಂದು ಷರತ್ತು ಹಾಕಿದ್ದಾಳೆ: ಅವಳು ಅದೇ ಸೀರೆಯುಟ್ಟು, ತಲೆಯ ಮೇಲೆ ಸೆರಗು ಹೊದ್ದು ಪಕ್ಕದಲ್ಲಿ ಕೂರುತ್ತಾಳೆ, ಅವರು ತಮ್ಮ ಐದನೆಯ ಭಾಗವನ್ನು ಪೂರ್ತಿ ನೋಡಬೇಕು. ಅವರು ಧೈರ್ಯ ಮಾಡಿಕೊಳ್ಳಲು ಸ್ವಲ್ಪ ಸಮಯ ಕೇಳಿದ್ದಾರೆ. ಅಲ್ಲಿಯವರೆಗೆ ಚಿತ್ರವನ್ನು ನಮ್ಮ ಟಾಕೀಸಿನಿಂದ ಎತ್ತದಂತೆ ತಾವು ದಯವಿಟ್ಟು ನೋಡಿಕೊಳ್ಳಬೇಕು. ಇಂಟರ್‌ವಲ್ ತನಕ ಕೂತರೂ ಸಾಕೆಂದು ಅತ್ತೆ ರಿಯಾಯಿತಿ ಕೊಟ್ಟಿದ್ದಾರೆ, ಸುಶ್ಮಿತಾ ಕೊಟ್ಟಿಲ್ಲ.